ಅರವತ್ತು ಬಸುರಿಯರು

ಐದು ವರ್ಷ ಹಿಡಿಯುವ ಬಿ.ಎಸ್ಸಿ., ಎಂ.ಎಸ್ಸಿ. ಎರಡನ್ನೂ ಸೇರಿಸಿ ನಾಲ್ಕೇ ವರ್ಷಕ್ಕೆ ಮುಗಿಸುವ ಕೋರ್ಸು ಅದು. ಮೈಸೂರಿನ ಒಂದು ಕಾಲೇಜಿನಲ್ಲಿ, ಆಹಾರ ಮತ್ತು ಪೋಷಣೆಯ ವಿಜ್ಞಾನದಲ್ಲಿ. ರಜೆ ಎಂಬುದೇ ಇಲ್ಲ. ಡಿಗ್ರಿಯ ಪೇಪರು ಬರೆದ ಕೈಯಲ್ಲೇ ಎಂ.ಎಸ್ಸಿ.ಯ ಪೇಪರನ್ನೂ ಬರೆಯಬೇಕು. ಸೇರಿದ ಮೂವತ್ತು ಮಂದಿಯಲ್ಲಿ ಕೊನೆಯ ವರ್ಷಕ್ಕೆ ಹನ್ನೊಂದು ಮಂದಿ ಉಳಿದಿದ್ದರು. ತಗಡೂರಿನ ಕವನ ಅವರಲ್ಲೊಬ್ಬಳು. ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅವಳ ಅವ್ವ ಗೋವಿಂದಮ್ಮ, "ನಾನು ಅನ್ನ ಬೇಯ್ಸೋದ ಕಲ್ತೆ. ನನ್ ಮಗ್ಳು ಅನ್ನದೊಳಗೆ ಏನದೆ ಅನ್ನೋದ ಕಲೀತಾವ್ಳೆ" ಎಂದು ಕಂಡಕಂಡವರಿಗೆ ಹೇಳುತ್ತಿದ್ದಳು.

ಕೊನೆಯ ವರ್ಷದ ಪ್ರಬಂಧಕ್ಕೆ ಕವನ ಟಿ. ನರಸೀಪುರ ತಾಲ್ಲೂಕಿನ ಅರವತ್ತು ಬಸುರಿಯರ ರಕ್ತ ಪರೀಕ್ಷಿಸಿ, ಅವರ ಊಟತಿಂಡಿಯ ವಿವರ ಬರೆದುಕೊಳ್ಳಬೇಕಿತ್ತು. ಕಾಲೇಜು ಕೊಟ್ಟದ್ದು ಮೂರು ವಾರ. ಅದು ಮುಗಿದ ಸೋಮವಾರವೇ ಪರೀಕ್ಷೆ. ಅಕ್ಕ ಕೋಮಲಳನ್ನು ಅದೇ ತಾಲ್ಲೂಕಿನ ಸೋಸಲೆಗೆ ಕೊಟ್ಟಿದ್ದರಿಂದ ಅವಳ ಮನೆಯಲ್ಲೇ ಉಳಿದಳು.

ಕೋಮಲ ಪಿಯುಸಿ ಬಿಟ್ಟು ನಂಜನಗೂಡಿನ ಗಾರ್ಮೆಂಟ್ಸಿಗೆ ಹೋದದ್ದೇ ತಂಗಿ ಓದಲಿ ಎಂದು. ಈಗ ಅವಳಿಗೆ ನಾಲ್ಕು ವರ್ಷದ ಮಗಳು ವಾಣಿ ಇದ್ದಳು, ಹೊಟ್ಟೆಯಲ್ಲಿ ಏಳು ತಿಂಗಳ ಇನ್ನೊಂದು. ಆದರೂ ಐದಕ್ಕೇ ಎದ್ದು ರೊಟ್ಟಿ ತಟ್ಟಿ, ತಂಗಿಯ ಡಬ್ಬಿಗೆ ಹಾಕಿ, ಬಸ್ಸಿನವರೆಗೂ ಬಂದು ಕಳಿಸುತ್ತಿದ್ದಳು.

ಕವನ ಅಂಗನವಾಡಿಯಿಂದ ಅಂಗನವಾಡಿಗೆ ಅಲೆದಳು. ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಸ್ಟ್ರಿಪ್ಪಿಗೆ ಹಾಕಿ, ಮೀಟರಿನಲ್ಲಿ ಬಂದದ್ದನ್ನು ಬರೆದುಕೊಂಡಳು. ಕಬ್ಬಿಣದ ಮಾತ್ರೆ ನುಂಗುತ್ತೀರಾ? ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕೆನಿಸುತ್ತದೆಯೇ? ರಕ್ತ ಕಡಿಮೆಯಾದವರಿಗೆ ಆ ಬಯಕೆ ಹುಟ್ಟುವುದುಂಟು. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಮೂವರಿಗೆ ಏಳಕ್ಕಿಂತ ಕೆಳಗಿತ್ತು. ಅವರ ಮನೆಯವರನ್ನು ಕಾಡಿ ಬೇಡಿ ಆಸ್ಪತ್ರೆಗೆ ಕಳಿಸಿದಳು. ಒಬ್ಬಳನ್ನಂತೂ ತಾನೇ ಬಸ್ಸು ಹತ್ತಿಸಿಕೊಂಡು ಹೋದಳು.

ಒಂದು ಸಂಜೆ ಮನೆಗೆ ಬಂದಾಗ ಕೋಮಲ ಜಗುಲಿಯಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ಕೇರುತ್ತ ಕೇರುತ್ತ ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕವನಳೂ ಪಕ್ಕದಲ್ಲಿ ಕೂತು ಅದೇ ಮೊರದಿಂದ ನಾಲ್ಕು ಕಾಳು ಬಾಯಿಗೆಸೆದುಕೊಂಡಳು.

"ನಂಗೂ ಒಂದ್ಸಾರಿ ಚುಚ್ಚಿ ನೋಡೇ. ಕೊಡ ಎತ್ತುದ್ರೆ ಉಸ್ರು ಇಡ್ಕತದೆ," ಎಂದಳು ಕೋಮಲ.

"ಸಂಬಂಧಿಕರ್ನ ಸೇರಿಸ್ಬಾರ್ದು ಅಂತ ಗೈಡ್ ಮೇಡಂ ಯೋಳವ್ರೆ ಅಕ್ಕ."

"ನಿನ್ ಬುಕ್ಕಿಗೆ ಬರೀಬೇಡ. ಸುಮ್ನೆ ನೋಡು."

"ಸ್ಟ್ರಿಪ್ಪು ಎಣಿಸಿ ಕೊಟ್ಟವ್ರೆ. ಎಲ್ಲಾ ಮುಗೀಲಿ, ಉಳುದ್ರೆ ನೋಡ್ತೀನಿ. ಎಲ್ಲಿ, ತಾಯಿ ಕಾರ್ಡ್ ಕೊಡು." ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಹತ್ತೂವರೆ ಎಂದಿತ್ತು. "ಪರ್ವಾಗಿಲ್ಲ ಬುಡು. ಸೊಪ್ಪು, ಮೊಟ್ಟೆ ತಿನ್ನು."

ಅದು ನಾಲ್ಕು ತಿಂಗಳ ಹಿಂದೆ ಬರೆದದ್ದು. ತಾರೀಕಿನ ಮೇಲೆ ಅವಳ ಕಣ್ಣು ಹೋಗಲಿಲ್ಲ. ತಲೆಯ ತುಂಬ ಸೋಮವಾರದ ಪರೀಕ್ಷೆ.

ಅರವತ್ತು ಮುಗಿದಾಗ ನಾಲ್ಕು ಸ್ಟ್ರಿಪ್ಪು ಉಳಿದಿದ್ದವು. ಬಸ್ಸಿಗೆ ಹೊತ್ತಾಗಿತ್ತು. ಕವನ ಅವನ್ನು ಬ್ಯಾಗಿಗೆ ತುರುಕಿಕೊಂಡು ಮೈಸೂರಿಗೆ ಹೋಗಿ ಲ್ಯಾಬಿಗೆ ವಾಪಸು ಕೊಟ್ಟಳು. ಅಕ್ಕ ಮತ್ತೆ ಕೇಳಿರಲಿಲ್ಲ.

ಐದು ವಾರದ ಮೇಲೆ, ಲೈಬ್ರರಿಯಲ್ಲಿ ಕೂತಿದ್ದಾಗ ಭಾವ ನಾಗೇಂದ್ರನ ಫೋನು ಬಂತು. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತ್ತು. ನರಸೀಪುರದಲ್ಲಿ ಹೆರಿಗೆಯಾಗಿತ್ತು, ಹೆಣ್ಣುಮಗು. ರಕ್ತ ನಿಲ್ಲದೆ ಆಂಬುಲೆನ್ಸಿನಲ್ಲಿ ಮೈಸೂರಿಗೆ ತರುತ್ತಿದ್ದರು. ಕವನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎರಡು ಬಾಟಲಿ ರಕ್ತ ಏರಿಸಿದ್ದರು, ಮೂರನೆಯದನ್ನು ತೂಗುಹಾಕಿದ್ದರು. ಅದು ಅರ್ಧವಾಗುವುದರೊಳಗೆ ಕೋಮಲಳ ಉಸಿರು ನಿಂತಿತು.

"ಬರೋವಾಗ್ಲೇ ಹಿಮೋಗ್ಲೋಬಿನ್ ನಾಲ್ಕೂವರೆ ಇತ್ತು. ಮೈಯಲ್ಲಿ ಏನೂ ಇರ್ಲಿಲ್ಲ. ಯಾರೂ ಗಮನಿಸ್ಲಿಲ್ವಾ?" ಎಂದು ಡಾಕ್ಟರು ಕೇಳಿದರು.

ನಾಗೇಂದ್ರ ಕೈಮುಗಿದೇ ನಿಂತಿದ್ದ. "ನಮ್ ನಾದ್ನಿ ಇದನ್ನೇ ಓದ್ತಾವ್ಳೆ ಸಾ," ಎಂದ. ಅವನು ಕುಟುಕಲು ಹೇಳಿದ್ದಲ್ಲ. ಓದಿದವಳು ಅವಳು, ಡಾಕ್ಟರ ಮಾತು ಅವಳಿಗಾದರೂ ತಿಳಿಯಲಿ ಎಂದು ಹೇಳಿದ್ದ. ಡಾಕ್ಟರು ಅವಳ ಕತ್ತಿನಲ್ಲಿದ್ದ ಕಾಲೇಜಿನ ಐಡಿ ಕಾರ್ಡು ನೋಡಿ ಒಳಗೆ ಹೋದರು.

ಸೋಸಲೆಯಲ್ಲಿ ಮಣ್ಣು ಮಾಡಿ ಬಂದ ಮೇಲೆ ಕವನ ಕಾಲೇಜಿನ ಮಾತೆತ್ತಲಿಲ್ಲ. ಗೈಡ್ ಮೇಡಂ ಫೋನು ಮಾಡಿದರು. ಹದಿನೈದು ದಿನ ಹೆಚ್ಚಿಗೆ ಕೊಡಬಹುದು, ಅದಕ್ಕಿಂತ ಆಗದು. ಈ ಕೋರ್ಸಿನಲ್ಲಿ ಈಗ ಬಿಟ್ಟರೆ ಎಂ.ಎಸ್ಸಿ. ಕೈತಪ್ಪುತ್ತದೆ, ಬಿ.ಎಸ್ಸಿ. ಮಾತ್ರ ಸಿಗುತ್ತದೆ ಎಂದರು. "ಓಗು ಮಗಾ," ಎಂದಳು ಗೋವಿಂದಮ್ಮ. "ಅವ್ಳು ಬಟ್ಟೆ ಒಲ್ದು ಓದ್ಸುದ್ದು. ಅರ್ಧಕ್ಕೆ ಬುಡ್ಬೇಡ." ಆ ಮಾತಿಗೆ ಎದುರಾಡಲಾಗದೆ ಹೋದಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದ ಹೆಂಗಸು. ಪುಟ ತಿರುವುತ್ತ, "ತೀವ್ರ ರಕ್ತಹೀನತೆ ಮೂವರಿಗೆ. ಅವರು ಏನಾದರಮ್ಮ?" ಎಂದು ಕೇಳಿದರು.

"ಆಸ್ಪತ್ರೆಗೆ ಕಳಿಸಿದೆ ಮೇಡಂ. ಮೂವರಿಗೂ ಹೆರಿಗೆ ಆಗಿದೆ. ಚೆನ್ನಾಗಿದ್ದಾರೆ."

"ಪ್ರಬಂಧ ಎಲ್ಲರೂ ಬರೀತಾರೆ. ಜೀವ ಉಳಿಸೋದು ದೊಡ್ಡದು. ನಿಮ್ಮ ಮನೆಯವರು ಹೆಮ್ಮೆ ಪಡಬೇಕು," ಎಂದು ಅವರು ಎದ್ದುನಿಂತು ಕೈಕುಲುಕಿದರು. ಕವನಳಿಗೆ ಕೈ ಬಿಡಿಸಿಕೊಂಡದ್ದಷ್ಟೇ ನೆನಪಿದೆ.

ಎರಡೂ ಡಿಗ್ರಿ ಬಂದವು, ಒಂದೇ ದಿನ, ಪ್ರಥಮ ದರ್ಜೆಯಲ್ಲಿ. ನಂಜನಗೂಡಿನ ಒಂದು ಸಂಸ್ಥೆಯವರು ಕೆಲಸಕ್ಕೆ ಕರೆದರು. ತಾಯಂದಿರಿಗೆ ಊಟದ ತಿಳಿವಳಿಕೆ ಹೇಳುವ ಕೆಲಸ. ಅವಳು ಎರಡು ಸಲ ಫೋನು ಎತ್ತಲಿಲ್ಲ, ಆಮೇಲೆ ಅವರೂ ಕರೆಯಲಿಲ್ಲ.

ವಾಣಿ ಅಪ್ಪನ ಹತ್ತಿರವೇ ಉಳಿದಳು. ಕೂಸು ಮಾತ್ರ ತಗಡೂರಿನಲ್ಲಿ, ಗೋವಿಂದಮ್ಮನ ಮಡಿಲಲ್ಲಿ. ಒಂದು ಮಧ್ಯಾಹ್ನ ಅದು ಹಸಿದು ಕಿರುಚುತ್ತಿತ್ತು. ಗೋವಿಂದಮ್ಮ ಹೊಸ ಹಾಲಿನ ಪುಡಿಯ ಡಬ್ಬಿ ತಂದು ಮಗಳ ಮುಂದಿಟ್ಟಳು.

"ಎಷ್ಟು ನೀರ್ಗೆ ಎಷ್ಟು ಚಮ್ಚ ಆಕ್ಬೇಕು, ನೋಡಿ ಯೋಳು ಮಗಾ. ಎಲ್ಲಾ ಇಂಗ್ಲಿಷ್ನಲ್ಲೇ ಅದೆ."

ಕವನ ಓದಿದಳು. ಮತ್ತೊಮ್ಮೆ ಓದಿದಳು. ಅಕ್ಷರಗಳೆಲ್ಲ ತಿಳಿಯುತ್ತಿದ್ದವು, ಬಾಯಿಂದ ಮಾತ್ರ ಲೆಕ್ಕ ಹೊರಡಲಿಲ್ಲ.

"ಅಂಗನವಾಡಿ ಟೀಚರ್ನ ಕೇಳವ್ವ," ಎಂದಳು. "ನಾನು ಯೋಳಲ್ಲ."

ಗೋವಿಂದಮ್ಮ ಕೂಸನ್ನು ಚಾಪೆಯ ಮೇಲೆ ಮಲಗಿಸಿ, ಡಬ್ಬಿ ಎತ್ತಿಕೊಂಡು, ತಲೆಗೆ ಸೆರಗು ಹಾಕಿ ಬಿಸಿಲಿಗೆ ಇಳಿದಳು. ಕೂಸು ಅಳುತ್ತಲೇ ಇತ್ತು. ಕವನ ಗೋಡೆಗೊರಗಿ ಕೂತೇ ಇದ್ದಳು. ಎತ್ತಿಕೊಳ್ಳಲು ಕೈ ಚಾಚಲಿಲ್ಲ.