ಹೇಳಿ ಹೋಗುವುದು

ಮೆಣಸು ಎಂಬ ಅಡ್ಡಹೆಸರು ಆ ಮಗುವಿಗೆ ಬಂದದ್ದು ಅವಳ ಗಂಟಲಿನಿಂದ. ಹುಟ್ಟಿದ ಹೊಸದರಲ್ಲಿ ಕಿರುಚಿ ಕಿರುಚಿ ಅಕ್ಕಪಕ್ಕದವರ ನಿದ್ದೆಯನ್ನೂ ಕೆಡಿಸಿದ್ದಳು. ಈಗ ಮೂರು ತುಂಬಿದೆ, ಬಿದ್ದು ಮೊಣಕಾಲು ತರಚಿಹೋದರೂ ತುಟಿ ಪಿಟಕ್ಕೆನ್ನುವುದಿಲ್ಲ. ‘ಎಂಥಾ ಜಾಣ ಮಗು, ಯಾರು ಕರೆದರೂ ಹೋಗತ್ತೆ’ ಎಂದು ಬಂದವರೆಲ್ಲ ಹೊಗಳುವಾಗ ಅವಳ ಅಮ್ಮನಿಗೆ ಅದು ಹೊಗಳಿಕೆಯಾಗಿ ಕೇಳಿಸುತ್ತಿರಲಿಲ್ಲ.

ಮಗು ಹೀಗಾದ ಕಾರಣ ಅವಳಿಗೆ ಗೊತ್ತಿತ್ತು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಅಮ್ಮ ಎದೆಯ ರೋಗ ಹಿಡಿದು ದೂರದ ಆಸ್ಪತ್ರೆ ಸೇರಿದ್ದಳು. ಹೊರಡುವ ದಿನ ಎಲ್ಲರೂ ಸೇರಿ, ಮಗುವಿನ ಕಣ್ಣು ತಪ್ಪಿಸಿ, ಅವಳನ್ನು ಹಿಂಬಾಗಿಲಿನಿಂದ ಸಾಗಹಾಕಿದ್ದರು. ಆ ಮನೆಯಲ್ಲಿ ಯಾರು ಹೊರಟರೂ ಹಾಗೆಯೇ. ಮಗುವನ್ನು ಅಳಿಸಿ ಹೋಗಬಾರದು ಎಂಬುದು ಅವಳ ತಾಯಿ, ಅಂದರೆ ಮೆಣಸಿನ ಅಜ್ಜಿ, ಮಾಡಿಟ್ಟ ಕಾನೂನು. ವಾಸಿಯಾಗಿ ಬರುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಅಷ್ಟು ದಿನ ಮಗುವನ್ನು ಸಾಕಿದವಳು ಅಮ್ಮನ ಅಕ್ಕ. ಮರಳಿ ಬಂದ ಅಮ್ಮನನ್ನು ನೋಡಿ ಮಗು ನಕ್ಕಿತು, ಹಾಲು ಹಾಕುವವನನ್ನು ನೋಡಿ ನಕ್ಕ ಹಾಗೆಯೇ.

ಇವತ್ತು ಅಕ್ಕ ತನ್ನ ಮನೆಗೆ ಹೊರಟಿದ್ದಾಳೆ. ಚೀಲ ಹಿಂಬಾಗಿಲಲ್ಲಿದೆ, ಕೆಳಗೆ ಭಾವನ ಗಾಡಿ ನಿಂತಿದೆ. ಅಜ್ಜಿ ಸೊಂಟನೋವು ಮರೆತು ಸೇನಾಪತಿಯಂತೆ ಓಡಾಡುತ್ತಿದ್ದಾಳೆ.

“ನೀನು ಮಗೂನ ತಾರಸಿಗೆ ಎತ್ಕೊಂಡು ಹೋಗಿ ಪಾರಿವಾಳ ತೋರಿಸ್ತಿರು. ಇವಳು ಹಿಂದಿನಿಂದ ಜಾರ್ಕೋತಾಳೆ,” ಎಂದು ಕಿರಿಮಗಳಿಗೆ, ಮೆಣಸಿನ ಅಮ್ಮನಿಗೆ, ಪಿಸುಗುಟ್ಟಿದಳು.

ಕಿರಿಮಗಳು ಹೊಲಿಗೆ ಯಂತ್ರದಿಂದ ಏಳಲಿಲ್ಲ. ಸಮವಸ್ತ್ರದ ಕಾಲರು ಸೂಜಿಯ ಕೆಳಗೆ ಅರ್ಧಕ್ಕೇ ನಿಂತಿತ್ತು. ಮೆಣಸು ನೆಲದ ಮೇಲೆ ಅಂಗಿ ಗುಂಡಿಗಳನ್ನು ಗುಡ್ಡೆ ಹಾಕುತ್ತ ಕೂತಿದ್ದಳು. ತಲೆ ಎತ್ತುತ್ತಿರಲಿಲ್ಲ, ಆದರೆ ಹಿಂಬಾಗಿಲ ಕಡೆ ಒಂದು ಸಣ್ಣ ಸದ್ದಾದರೂ ಅವಳ ಕೈ ನಿಲ್ಲುತ್ತಿತ್ತು.

“ಬೇಡಮ್ಮ. ಹೇಳಿ ಹೋಗ್ಲಿ.”

“ತಲೆಗಿಲೆ ಕೆಟ್ಟಿದ್ಯೇನೆ? ಅದು ರಂಪ ಮಾಡಿದ್ರೆ ನಿಮ್ಮಕ್ಕನಿಗೆ ಕಾಲು ಏಳತ್ತಾ?”

“ಅವತ್ತು ನಾನು ಕದ್ದು ಹೋಗಿದ್ದಕ್ಕೆ ಇವಳು ಇನ್ನೂ ನನ್ನ ನಂಬಿಲ್ಲ. ಇವತ್ತು ಅಕ್ಕಾನೂ ಹಾಗೇ ಹೋದ್ರೆ, ಇನ್ಯಾರನ್ನೂ ನಂಬಲ್ಲ.”

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. “ನನ್ನ ಕೈಲಾಗಲ್ಲ ಕಣೇ. ಎರಡು ವರ್ಷ ಪಕ್ಕದಲ್ಲಿ ಮಲಗಿಸ್ಕೊಂಡವಳು ನಾನು. ನಿನಗೇನು ಗೊತ್ತು?”

ಆ ಮಾತು ಚುರುಕ್ಕೆಂದಿತು. ಆದರೂ ತಂಗಿ ಎದ್ದುಹೋಗಿ ಹಿಂಬಾಗಿಲಿನ ಚಿಲಕ ಹಾಕಿ ಅಡ್ಡ ನಿಂತಳು. ಕೆಳಗಿನಿಂದ ಭಾವ ಎರಡೆರಡು ಸಲ ಹಾರನ್ ಒತ್ತಿದ.

ಬೇರೆ ದಾರಿ ಕಾಣದೆ ಅಕ್ಕ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. “ದೊಡ್ಡಮ್ಮ ನಮ್ಮನೆಗೆ ಹೋಗ್ತಿದ್ದೀನಿ ಮೆಣಸು. ಭಾನುವಾರ ಬರ್ತೀನಿ. ನೀನು ಅಮ್ಮನ ಹತ್ರ ಇರ್ತೀಯ.”

ಮಗು ಅವಳ ಮುಖವನ್ನೊಮ್ಮೆ ನೋಡಿ ಮತ್ತೆ ಗುಂಡಿಗಳ ಕಡೆ ತಿರುಗಿತು. ಮುಂಬಾಗಿಲು ತೆರೆದು ಮುಚ್ಚಿತು. ಗಾಡಿ ಹೊರಟ ಸದ್ದು ಕೇಳಿಸಿತು. ಮಗುವಿನ ಕಣ್ಣಲ್ಲಿ ಒಂದು ಹನಿ ನೀರಿಲ್ಲ.

“ನೋಡು, ಎಷ್ಟು ಸಲೀಸಾಗಿ ಮುಗೀತು!” ಎಂದು ಅಜ್ಜಿ ಉಸಿರು ಬಿಟ್ಟಳು. ಅಮ್ಮ ಮಾತ್ರ, ತಡವಾಯಿತು, ಕೈ ಮೀರಿಹೋಯಿತು ಎಂದುಕೊಂಡಳು.

ಆಗ ಮೆಣಸು ಎದ್ದು ಬಂದು ಎರಡೂ ಕೈಯಿಂದ ಅವಳ ಮೊಣಕಾಲು ತಳ್ಳಿದಳು. “ನೀನೂ ಹೋಗು.”

“ನಾನು ಹೋಗಲ್ಲ ಕಂದಾ.”

“ಹೋಗು! ಈಗ್ಲೇ ಹೋಗು!”

ತಳ್ಳಿ ತಳ್ಳಿ ಮುಂಬಾಗಿಲವರೆಗೂ ತಂದಳು. ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಮಗು ಕಚ್ಚಿತು, ಪರಚಿತು, ಕೆನ್ನೆಗೆ ಹೊಡೆಯಿತು. ಆಮೇಲೆ ಉಸಿರು ಸಿಕ್ಕಿಕೊಂಡು ಮುಖ ಕೆಂಪಾಗಿ, ಗೋಳೋ ಎಂದು ಅಳತೊಡಗಿತು.

ಅಜ್ಜಿ ಬಿಸ್ಕತ್ತಿನ ಡಬ್ಬ ಹಿಡಿದು ಓಡಿಬಂದಳು. “ಕೊಡಿಲ್ಲಿ, ನಾನು ಸಮಾಧಾನ ಮಾಡ್ತೀನಿ.”

“ಬೇಡಮ್ಮ, ಅಳಲಿ ಬಿಡು. ನನ್ನ ಹತ್ರಾನೇ ಅಳಲಿ.”

ಮಗುವಿನ ಒಂದು ಕೈ ಹೊಡೆಯುತ್ತಲೇ ಇತ್ತು. ಇನ್ನೊಂದು ಕೈ ಅಮ್ಮನ ಜಡೆಯನ್ನು ಬುಡದಲ್ಲೇ ಬಿಗಿಯಾಗಿ ಹಿಡಿದುಕೊಂಡಿತ್ತು. ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತಿದ್ದರೂ ಅವಳು ಬಿಡಿಸಿಕೊಳ್ಳಲಿಲ್ಲ.