ನರೋಡಾದಲ್ಲಿ ಕುಳಿತ ರಾಚಪ್ಪ

ಮಣ್ಣಲ್ಲಿಟ್ಟ ಮೈ ಐದಾರು ವರ್ಷದಲ್ಲಿ ಎಷ್ಟು ಉಳಿದಿರುತ್ತದೆ ಎಂದು ಶಿವಯೋಗಿ ಕೇಳಿದ್ದು ವಡೋದರಾದ ಫತೇಗಂಜ್‌ನ ಒಂದು ಚಹಾದಂಗಡಿಯಲ್ಲಿ. ಎದುರಿಗೆ ಕೂತಿದ್ದ ಹಯವದನ ಧಾರವಾಡದವನು. ವೈದ್ಯಕೀಯ ಕಾಲೇಜಿನಲ್ಲಿ ಹುಡುಗರಿಗೆ ಹೆಣ ಕೊಯ್ದು ತೋರಿಸುವುದು ಅವನ ಕೆಲಸ.

"ಬರೇ ಎಲುಬು. ಯಾಕ, ಯಾರದು?"

"ನಮ್ಮಣ್ಣಂದು. ಫಾರ್ಮಲಿನ್ ಹಾಕಿದ್ರು."

ಹಯವದನ ಕಪ್ಪು ಕೆಳಗಿಟ್ಟ. "ಹಂಗಾದ್ರ ಹೇಳಲಿಕ್ಕೆ ಬರೂದಿಲ್ಲ. ನೀರು ಹತ್ತಿದ ಕಡೆ ಹೋಗಿರ್ತದ, ಒಣಗಿದ ಕಡೆ ಉಳಿದಿರ್ತದ. ಸುತ್ತ ಏನು ತುಂಬಿದ್ರಿ?"

"ಉಪ್ಪು, ವಿಭೂತಿ. ನಮ್ಮಲ್ಲಿ ಹಾಕೋ ಪದ್ಧತಿ ಐತಿ."

"ಭೇಷ್! ಉಪ್ಪಿನಕಾಯಿ ಹಾಕಿದಂಗ ಆತು. ಮಾರಿ ಸುದ್ದಾ ಉಳಿದಿರಬಹುದು." ನಗಲು ಹೋದವನು ಶಿವಯೋಗಿಯ ಮುಖ ನೋಡಿ ಸುಮ್ಮನಾದ. "ಅವ್ವನ್ನ ಮಾತ್ರ ಕರಕೊಂಡು ಹೋಗಬ್ಯಾಡ, ಮಾರಾಯಾ."

ಅವ್ವ ಆಗಲೇ ಬಂದಾಗಿತ್ತು. ಗದಗಿನಿಂದ ಒಬ್ಬಳೇ ರೈಲು ಹತ್ತಿ, ಸೂರತ್ತಿನಲ್ಲಿ ಸಂಬಂಧಿಕರ ಮನೆಯಲ್ಲಿ ಒಂದು ದಿನ ತಂಗಿ ವಡೋದರಾಕ್ಕೆ ಬಂದಿಳಿದಿದ್ದ ಗೌರವ್ವನ ಕೈಯಲ್ಲಿ ಹೊಸ ಬಿಳಿ ಅರಿವೆ, ವಿಭೂತಿ ಗಟ್ಟಿಗಳು ಇದ್ದವು. ಅಹಮದಾಬಾದಿನ ಹೊರಗಿನ ನರೋಡಾದಲ್ಲಿ ಕಾರ್ಖಾನೆಗಳಿಗೆ ರಸ್ತೆ ಬರುವುದರಿಂದ ಅಲ್ಲಿನ ಸಮಾಧಿಗಳನ್ನು ತೆರವು ಮಾಡಬೇಕೆಂದು ಗೊತ್ತಾದಾಗಿನಿಂದ ಅವಳದು ಒಂದೇ ಮಾತು: ಮಗನನ್ನು ಊರಿಗೆ ಒಯ್ಯುವುದು, ಇದ್ದ ಹಾಗೆಯೇ, ಕೂತ ಹಾಗೆಯೇ.

ಶಿವಯೋಗಿಗೆ ನಿದ್ದೆ ಹಾರಿಸಿದ್ದು ಆ 'ಕೂತ ಹಾಗೆಯೇ'.

ಅಣ್ಣ ರಾಚಪ್ಪ ಅಹಮದಾಬಾದಿನ ಗಿರಣಿಯೊಂದರಲ್ಲಿ ಎಂಜಿನಿಯರ್ ಆಗಿದ್ದವನು. ೧೯೬೧ರ ಜುಲೈಯಲ್ಲಿ ಕಾಮಾಲೆಯಾಗಿ ಸತ್ತ. ಊರಿಗೆ ಒಯ್ಯಬೇಕೆಂದು, ಹೆಣ ಕೆಡದಂತೆ ಆಸ್ಪತ್ರೆಯಲ್ಲಿ ಫಾರ್ಮಲಿನ್ ಹಾಕಿಸಿದರು. ಅದೇ ವಾರ ಪುಣೆಯಲ್ಲಿ ಅಣೆಕಟ್ಟು ಒಡೆದು ಊರೊಳಗೆ ನೀರು ನುಗ್ಗಿತು. ಶವದ ಪೆಟ್ಟಿಗೆ ಆ ದಾರಿಯಲ್ಲಿ ಯಾವಾಗ ಊರು ಮುಟ್ಟೀತೆಂದು ಯಾರೂ ಹೇಳಲಾರದವರಾದರು. ಲಿಂಗವಂತರ ರುದ್ರಭೂಮಿ ಅಹಮದಾಬಾದಿನಲ್ಲಿ ಎಲ್ಲಿಂದ ಬರಬೇಕು? ತಮ್ಮವರನ್ನು ಕೂರಿಸಿಯೇ ಹೂಳುವ ಗೋಸಾಯಿಗಳು ನರೋಡಾದ ಅಂಚಿನಲ್ಲಿ ಜಾಗ ಕೊಟ್ಟರು.

ಆದರೆ ಫಾರ್ಮಲಿನ್ ಕುಡಿದ ಮೈ ಮರದ ದಿಮ್ಮಿಯಾಗಿತ್ತು. ಮಲಗಿಸಿ ಮದ್ದು ಹಾಕಿದ್ದರಿಂದ ಮಲಗಿದ ಹಾಗೆಯೇ ಬಿಗಿದುಹೋಗಿತ್ತು. ಹಾಕಿಸುವಾಗ ಯಾರಿಗೂ ಇದು ಹೊಳೆದಿರಲಿಲ್ಲ. ನಾಲ್ಕು ಜನ ಸೇರಿ ಒತ್ತಿದರೂ ಮಂಡಿ ಮಡಚಲಿಲ್ಲ. ಗೋಸಾಯಿಗಳ ಹಿರಿಯ ಭವಾನಗಿರಿ ಆಗ ಶಿವಯೋಗಿಯನ್ನು ಬಿಲ್ವಪತ್ರೆ ತರಲು ಕಳಿಸಿದ. ತಿರುಗಿ ಬರುವಷ್ಟರಲ್ಲಿ ಗುಂಡಿ ಎದೆಮಟ್ಟ ತುಂಬಿತ್ತು. ಅಣ್ಣನ ತಲೆ, ಕೂತವನ ತಲೆ ಎಲ್ಲಿರಬೇಕೋ ಅಲ್ಲಿಯೇ ನೆಟ್ಟಗೆ ಇತ್ತು. ಶಿವಯೋಗಿ ಪತ್ರೆ ಏರಿಸಿದ. ಹೇಗೆ ಕೂರಿಸಿದಿರಿ ಎಂದು ಕೇಳಲಿಲ್ಲ. ಅವ್ವನಿಗೆ ಮಾತ್ರ, "ಪದ್ಮಾಸನದಾಗ ಕುಂದರಿಸೇವಿ" ಎಂದ.

ಮಂಡಿ ಮುರಿದೇ ಕೂರಿಸಿದ್ದಾರೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಬರೀ ಎಲುಬಾಗಿದ್ದರೆ ಯಾರಿಗೂ ತಿಳಿಯದು. ಮೈ ಉಳಿದಿದ್ದರೆ ಅವ್ವ ನೋಡುತ್ತಾಳೆ.

ನರೋಡಾದಲ್ಲಿ ಫೆಬ್ರವರಿಯ ಬೆಳಗು. ಭವಾನಗಿರಿ ಮುಪ್ಪಾಗಿದ್ದ. ಗೌರವ್ವನನ್ನು ಕಂಡು, "ಮಾತಾಜಿ, ನೀವು ಆ ಬೇವಿನ ಕೆಳಗೆ ಕೂತಿರಿ" ಎಂದು ಹಿಂದಿಯಲ್ಲಿ ಹೇಳಿದ. ಶಿವಯೋಗಿ ಅದನ್ನು ಕನ್ನಡದಲ್ಲಿ ಹೇಳಿದ.

"ಹಡದಾಕಿ ನಾನು. ನಾ ಯಾಕ ದೂರ ಕುಂದರಲಿ?" ಗೌರವ್ವ ಗುಂಡಿಯ ಅಂಚಿಗೇ ಕೂತಳು. "ನೀ ಯಾಕ ಬೆವರಾಕ್ಹತ್ತಿ?"

"ಬಿಸಲು, ಯವ್ವಾ."

"ಈಗಿನ್ನ ಹೊತ್ತೇರೇತಿ."

ಮಣ್ಣು ತೆಗೆದ ಮೇಲೆ ಉಪ್ಪು ಸಿಕ್ಕಿತು, ಬಂಡೆಯ ಹಾಗೆ ಗಟ್ಟಿ. ಅಗೆಯುವವರು ಹಾರೆಯಿಂದ ಎಬ್ಬಿಸಿ ಎಬ್ಬಿಸಿ ತೆಗೆದರು. ಒಂದು ಹೆಂಟೆಯ ಜೊತೆ ಕೂದಲು ಬಂತು. ಇನ್ನೊಂದನ್ನು ಸರಿಸಿದಾಗ ಮುಖ ಬಂತು.

ಚಪ್ಪಲಿಯ ಚರ್ಮದಂತೆ ಕಂದಾಗಿ, ಎಲುಬಿಗೆ ಅಂಟಿದ ಮುಖ. ಆದರೂ ರಾಚಪ್ಪನದೇ. ಹಣೆಯ ವಿಭೂತಿ ಹಾಗೆಯೇ ಇತ್ತು. ತುಟಿ ಹಿಂದೆ ಸರಿದು ಹಲ್ಲು ಕಾಣುತ್ತಿದ್ದವು.

ಗೌರವ್ವ ಅಳಲಿಲ್ಲ. "ರಾಚಾ," ಎಂದಳು, ಉಣ್ಣಲು ಕರೆದಂತೆ.

ಎದೆ ಬಂತು, ಕೊರಳಲ್ಲಿ ಲಿಂಗವಸ್ತ್ರ ಬಂತು, ಸೊಂಟ ಬಂತು. ಇನ್ನು ಮಂಡಿ. ಶಿವಯೋಗಿ ಬೇರೆ ಕಡೆ ನೋಡಬೇಕೆಂದರೂ ಕಣ್ಣು ಕೀಳಲಾಗಲಿಲ್ಲ. ಅಗೆಯುವವನು ಮುಂದುಗಡೆ ಸಲಿಕೆ ಹಾಕಿದ. ಮಣ್ಣು. ಬಲಕ್ಕೆ ಹಾಕಿದ, ಎಡಕ್ಕೆ ಹಾಕಿದ. ಬರೀ ಮಣ್ಣು. ಕೂತವನ ತೊಡೆಗಳು ಇರಬೇಕಾದ ಕಡೆ ಏನೂ ಇರಲಿಲ್ಲ.

ಅಗೆಯುವವನು ಸಲಿಕೆ ಬಿಟ್ಟು ಮೇಲೆ ಹತ್ತಿ ಬಂದ. "ಮೈ ಇನ್ನೂ ಕೆಳಗೆ ಹೋಗುತ್ತಲೇ ಇದೆ," ಎಂದ. ಮತ್ತೆ ಇಳಿಯಲಿಲ್ಲ.

"ಮಂಡಿ ಎಲ್ಲಿ ಅದಾವೋ?" ಗೌರವ್ವ ಮಗನನ್ನು ಕೇಳಿದಳು.

ಭವಾನಗಿರಿ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಮ್ಮವರು ಕೆಲವರು ಮಂಡಿ ಮುರಿಯಿರಿ ಅಂದರು, ಮಾತಾಜಿ. ನನಗೆ ಕೈ ಬರಲಿಲ್ಲ. ಗುಂಡಿಯ ನಡುವೆ ಇನ್ನೊಂದು ಕಿರಿ ಗುಂಡಿ ತೋಡಿ ಇಳಿಸಿದೆವು. ತಲೆ ಕೂತವರ ಮಟ್ಟಕ್ಕೆ ಬಂತು. ಇವರು ಪತ್ರೆ ತರುವುದರೊಳಗೆ ಮುಚ್ಚಿದೆವು."

ಗೌರವ್ವನಿಗೆ ಹಿಂದಿ ಬರುತ್ತಿರಲಿಲ್ಲ. ಆದರೆ ಅವನು ಕೈಯನ್ನು ನೆಟ್ಟಗೆ ಕೆಳಗೆ ಇಳಿಸಿ ತೋರಿಸಿದ್ದು ಸಾಕಾಯಿತು.

"ನಿಂತಾನ?" ಎಂದಳು. "ಇಷ್ಟು ವರ್ಷ ನನ್ನ ಮಗ ನಿಂತಽ ಅದಾನ?"

ಅವಳು ಶಿವಯೋಗಿಯತ್ತ ತಿರುಗಿದಳು.

"ನೀ ಕುಂದರಿಸೇವಿ ಅಂದಿದ್ದಿ."

"ಯವ್ವಾ..."

"ಇಳಿ ಕೆಳಗ. ಕುಂದರಿಸು ಅವನ್ನ."

ಶಿವಯೋಗಿ ಇಳಿದ. ತಳದಲ್ಲಿ ಮಣ್ಣು ಹಸಿಯಾಗಿತ್ತು, ಪಾದ ಹೂತವು. ಅಣ್ಣನ ಎದುರಿಗೆ ನಿಂತು ಎರಡೂ ಕಂಕುಳಲ್ಲಿ ಕೈಹಾಕಿದ. ಒಣ ಚರ್ಮ ಅಂಗೈಗೆ ಚರಚರ ಎಂದಿತು. ಆಸ್ಪತ್ರೆಯ ವಾಸನೆ ಈಗಲೂ ಇತ್ತೋ, ತನ್ನ ಮೂಗಿನ ಭ್ರಮೆಯೋ. ಭಾರ ಎಷ್ಟಿದ್ದೀತೆಂದು ಹಲ್ಲು ಕಚ್ಚಿ ಎಳೆದ.

ಭಾರವೇ ಇರಲಿಲ್ಲ. ಕೆಸರು ಲೊಚಕ್ಕೆಂದಿತು, ರಾಚಪ್ಪ ಒಮ್ಮೆಲೇ ಮೇಲೆ ಬಂದು ತಮ್ಮನ ಎದೆಗೆ ಒರಗಿದ. ತಣ್ಣನೆಯ ಗಲ್ಲ ಅವನ ಕೊರಳಿಗೆ ತಾಗಿತು. ಶಿವಯೋಗಿ ಕೂಗಿದ್ದು ಅವನಿಗೇ ಕೇಳಿಸಲಿಲ್ಲ.

"ಕೊಡು ಇಲ್ಲಿ," ಎಂದು ಅವ್ವ ಮೇಲಿನಿಂದ ಎರಡೂ ಕೈ ಚಾಚಿದಳು.

ಕೊಟ್ಟ. ಅವಳು ಬಿಳಿ ಅರಿವೆಯ ಮೇಲೆ ಇಟ್ಟಳು. ಸೊಂಟದವರೆಗಿನ ರಾಚಪ್ಪ ಯಾರ ಆಸರೆಯೂ ಇಲ್ಲದೆ ನೆಟ್ಟಗೆ ಕೂತ. ಗೌರವ್ವ ಅವನ ಹಣೆಗೆ ಹೊಸ ವಿಭೂತಿ ಹಚ್ಚತೊಡಗಿದಳು.

ಶಿವಯೋಗಿ ಗುಂಡಿಯಲ್ಲೇ ಇದ್ದ. ಅವನ ಮುಂದೆ, ಕೆಸರಿನಿಂದ ಮೇಲಕ್ಕೆ, ಅಣ್ಣನ ಎರಡು ತೊಡೆಯೆಲುಬುಗಳು ಇನ್ನೂ ನಿಂತಿದ್ದವು.