ಕೆಂಪು ಗೆರೆಯ ಗೇಜು

ಮುದ್ದೇಬಿಹಾಳದ ಅರಳೆ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ನಡೆಸಿದ ಗೈಬುಸಾಬನಿಗೆ ಒಂದು ಕುರಿಯ ತೊಡೆ ಬೇಯಿಸಲು ಬರಲಿಲ್ಲ ಎಂಬ ಸುದ್ದಿ ಇಂಡಿ ಪಟ್ಟಣದವರೆಗೆ ಹೋಗಿತ್ತು. ಸುದ್ದಿ ತಾನಾಗಿ ಬಸ್ಸು ಹತ್ತಿ ಹೋದದ್ದಲ್ಲ, ಬೀಗರು ಒಯ್ದಿದ್ದರು. ಒಯ್ದವರು ಸುಮ್ಮನೆ ಮನೆಯಲ್ಲಿ ಇಟ್ಟುಕೊಂಡರೇ? ಇಂಡಿಯ ನಿಂಬೆಹಣ್ಣಿನ ಪೇಟೆಯಲ್ಲಿ ಬುಟ್ಟಿಬುಟ್ಟಿಗೂ ಹಂಚಿದರು.

ಆದದ್ದಿಷ್ಟು. ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸ ಶುರುವಾದ ಹೊಸದರಲ್ಲಿ, ಆಗಲೇ ಫ್ಯಾಕ್ಟರಿ ಬಿಟ್ಟು ಮನೆಯಲ್ಲಿದ್ದ ಗೈಬುಸಾಬ ನಾಲ್ಕು ತಿಂಗಳು ಅಲ್ಲಿ ಉಗಿ ರೋಲರ್ ಓಡಿಸಲು ಹೋಗಿದ್ದ. ಅಲ್ಲಿಯ ಬಂಗಲೆಯ ಅಡಿಗೆಯವ ಬಾಬುಲಾಲ ಒಂದು ಖಾಲಿ ಬ್ಯಾರಲ್ ಸುಟ್ಟು ಉಜ್ಜಿ, ತಳದಲ್ಲಿ ಇದ್ದಿಲು ಹಾಕಿ, ಮೇಲ್ಭಾಗದಲ್ಲಿ ಜಾಳಿಗೆ ಕೂರಿಸಿ, ಮುಚ್ಚಳ ಮುಚ್ಚಿ, ಸಾಹೇಬರಿಗಾಗಿ ಮಾಂಸವನ್ನು ಹೊಗೆಯಲ್ಲೇ ಬೇಯಿಸುತ್ತಿದ್ದ. ಅದರ ಒಂದು ತುಂಡು ಗೈಬುಸಾಬನ ನಾಲಿಗೆಗೆ ಹತ್ತಿತು, ಮತ್ತೆ ಬಿಡಲಿಲ್ಲ. ಊರಿಗೆ ಬಂದವನೇ ತನ್ನ ಹಿತ್ತಲಲ್ಲಿ ಅಂಥದೇ ಬ್ಯಾರಲ್ ಹೂಡಿದ. ಹೂಡಿ ಹದ ಕಲಿಯುವವರೆಗಾದರೂ ತಡೆದನೇ? ಇಲ್ಲ. ಮಗಳು ಮೆಹರಾಜಳ ಮದುವೆಯಾಗಿ ಬೀಗರು ಮೊದಲ ಸಲ ಉಣ್ಣಲು ಬಂದ ದಿನವೇ ಒಂದು ಇಡೀ ತೊಡೆ ಅದರೊಳಗೆ ಇಳಿಸಿದ. ಹೊರಗೆ ಬಂದಾಗ ಅದು ಮೇಲೆ ಕರ್ರಗೆ, ಒಳಗೆ ಕೆಂಪಗೆ ಇತ್ತು. ಬೀಗ ಶಮಶುದ್ದೀನ ಒಂದು ತುಂಡು ಬಾಯಿಗಿಟ್ಟು, ತಾಟನ್ನು ಎರಡು ಬೆರಳಿನಿಂದ ಮುಂದಕ್ಕೆ ಸರಿಸಿದ.

"ಬೀಗರ, ಇದು ಇನ್ನೂ ಬ್ಯಾ ಅನ್ನಾಕತ್ತೈತಿ" ಎಂದ.

ಗಂಡಸರು ನಕ್ಕು ಮರೆತರು. ರಮಜಾನಬಿ ಮರೆಯಲಿಲ್ಲ. ಗೈಬುಸಾಬನ ಹೆಂಡತಿಯಾಗಿ ಅಲ್ಲ, ಮೆಹರಾಜಳ ತಾಯಿಯಾಗಿ. ಇಂಡಿಯಲ್ಲಿ ಬೀಗಿತ್ತಿ ಅಖ್ತರಬೇಗಂ ಅನ್ನದಲ್ಲಿ ಒಂದು ಅಗುಳು ಗಟ್ಟಿ ಸಿಕ್ಕರೂ ಸೊಸೆಯ ಮುಖ ನೋಡಿ "ತವರಮನಿ ಹದ ಐತಲ್ಲವಾ, ಮತ್ತೇನ್" ಅನ್ನುತ್ತಿದ್ದಳು. ಬಕ್ರೀದಿಗೆ ಬಂದಾಗ ಮೆಹರಾಜ ಇದನ್ನು ನಗುನಗುತ್ತ ಹೇಳಲು ಶುರುಮಾಡಿ, ನಗುವನ್ನು ಅರ್ಧಕ್ಕೇ ಬಿಟ್ಟು, ಒಲೆಯ ಬೂದಿ ಕೆದಕುತ್ತ ಕೂತುಬಿಟ್ಟಿದ್ದಳು.

ಈಗ ಬೀಗರು ಮತ್ತೆ ಬರುವವರಿದ್ದರು, ಬರುವ ಭಾನುವಾರವೇ. ರಮಜಾನಬಿ ಪಲಾವು ಮಾಡುತ್ತೇನೆ, ಖಾರದ ಸಾರು ಮಾಡುತ್ತೇನೆ, ಈ ಹೊಗೆಯ ಉಸಾಬರಿ ಬೇಡ ಎಂದಳು. ಗೈಬುಸಾಬ ಕೇಳುವ ಪೈಕಿಯೇ? ಬಿದ್ದಲ್ಲೇ ಏಳಬೇಕು, ಅದೇ ಬ್ಯಾರಲ್, ಅದೇ ತೊಡೆ ಎಂದು ಹಟ ಹಿಡಿದ.

"ತಪ್ಪು ನಂದಲ್ಲ. ಗೇಜ್ ಇಲ್ದ ಬಾಯ್ಲರ್ ಯಾವ ಶಾಣ್ಯಾ ನಡಸ್ತಾನು?"

"ನಾ ಸಣ್ಣಾಕಿ ಇದ್ದಾಗಿಂದ ಒಲಿ ಊದೇನಿ, ಯಾವ ಗೇಜ್ ನೋಡೇನ್ರಿ? ಹಂಚಿಗಿ ನಾಕ ಹನಿ ನೀರ ಚಿಮಕಿಸಿದ್ರ ತಿಳೀತೈತಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕು?"

ಕನ್ನಡಿ ಬೇಕೇ ಬೇಕು ಎಂದು ಅವನು ಹುಡುಕಲು ಹೊರಟ. ಮೊದಲು ತಂದದ್ದು ಕಂಪೌಂಡರನ ಹತ್ತಿರ ಕಾಡಿ ಬೇಡಿ ಇಸಿದುಕೊಂಡ ಜ್ವರದ ಕಡ್ಡಿ. ನೂರಾಹತ್ತರ ಆಚೆ ಅದಕ್ಕೆ ಲೋಕವೇ ಇಲ್ಲ. ರಮಜಾನಬಿ ಬೇಡ ಬೇಡ ಎನ್ನುತ್ತಿದ್ದಂತೆ ಅದನ್ನು ಹೊಗೆಯ ತೂತಿನಲ್ಲಿ ತೂರಿಸಿದ. ಅದು ಟಪ್ಪೆಂದು ಒಡೆದು ಪಾದರಸ ಹಿತ್ತಲ ತುಂಬ ಓಡಾಡಿತು. ಕೋಳಿಗಳು ಅದನ್ನು ಕಾಳೆಂದು ಬೆನ್ನುಹತ್ತಿದವು, ಕೋಳಿಗಳನ್ನು ರಮಜಾನಬಿ ಕಸಬರಿಗೆ ಹಿಡಿದು ಬೆನ್ನುಹತ್ತಿದಳು. ಕಂಪೌಂಡರನ ಮುಂದೆ ಅದು ಕೈಜಾರಿ ಬಿತ್ತು ಎಂದಾಯಿತು.

ಎರಡನೆಯದು ಕಟ್ಟಿಗೆಯ ಹಲಗೆಯ ಮೇಲೆ ಕೂರಿಸಿದ, ಗೋಡೆಗೆ ನೇತುಹಾಕುವ ಥರ್ಮಾಮೀಟರು. ಈ ಸಲ ಅವನಿಗೇ ಬುದ್ಧಿ ಬಂದಿತ್ತು. "ಇದು ಬಿಸಲಿಗಿ ಹುಟ್ಟಿದ್ದು, ಬೆಂಕಿಗಿ ಅಲ್ಲ" ಎಂದು ಹಿಂದಕ್ಕೆ ಕೊಟ್ಟು ಬಂದ.

ಮೂರನೆಯದು ಸಿಕ್ಕದ್ದು ಫ್ಯಾಕ್ಟರಿಯ ಗುಜರಿ ರಾಶಿಯಲ್ಲಿ. ಹಿತ್ತಾಳೆಯ ಕಟ್ಟು, ಅಂಗೈಯಗಲದ ಗಾಜಿನ ಮುಖ, ಹಿಂದೆ ಬೆರಳುದ್ದದ ಕಡ್ಡಿ. ಬಾಯ್ಲರಿಗೆ ಹೋಗುವ ಬಿಸಿನೀರಿನ ಕೊಳವೆಯ ಮೇಲೆ ಇದ್ದದ್ದು, ಗೈಬುಸಾಬ ದಿನಾಲೂ ಮುಖ ನೋಡಿದ ಗೇಜು. ಅಂಗಿಯ ತುದಿಯಿಂದ ಒರೆಸಿ ಒರೆಸಿ ಮನೆಗೆ ತಂದವನು ಮೊದಲು ಅದನ್ನು ಕುದಿಯುವ ನೀರಿಗೆ ಹಿಡಿದ. ಮುಳ್ಳು ಇನ್ನೂರಾ ಹನ್ನೆರಡಕ್ಕೆ, ಫ್ಯಾರನ್‌ಹೀಟಿನಲ್ಲಿ ನೀರು ಕುದಿಯುವ ಅಂಕಿಗೆ, ಒಂದು ಕೂದಲೆಳೆ ಕೆಳಗೆ ನಿಂತಿತು. "ಸಾಚಾ ಐತಿ" ಎಂದ. ತಮ್ಮ ಮದುವೆಯಲ್ಲೂ ಅವನ ಮುಖ ಇಷ್ಟು ಅರಳಿದ್ದನ್ನು ರಮಜಾನಬಿ ಕಂಡಿರಲಿಲ್ಲ.

ಕೂರಿಸುವುದೆಲ್ಲಿ ಎಂಬುದಕ್ಕೆ ಮತ್ತೊಂದು ಜಗಳ. ಅವನು ಮುಚ್ಚಳದ ನೆತ್ತಿಗೆ ಎಂದ.

"ಮಾಂಸ ಎಲ್ಲಿ ಕುಂಡರತೈತಿ ಅಲ್ಲಿ ಹಾಕ್ರಿ" ಎಂದಳು ರಮಜಾನಬಿ. "ರೊಟ್ಟಿ ಬೆಂದೈತೋ ಇಲ್ಲೋ ನೋಡಾಕ ಯಾರರೆ ಮಾಳಿಗಿ ಮುಟ್ಟಿ ನೋಡ್ತಾರೇನು?"

ಗೈಬುಸಾಬ ಒಂದು ಬೀಡಿ ಮುಗಿಯುವವರೆಗೆ ಯೋಚಿಸಿ, ಈ ಮಾತಿಗೆ ಸೋತ. ಜಾಳಿಗೆಯ ಮಟ್ಟಕ್ಕೆ ಬೈರಿಗೆಯಿಂದ ತೂತು ಕೊರೆದು, ಕಡ್ಡಿ ಒಳಗೆ ತೂರಿಸಿ, ಒಳಗೊಂದು ಹೊರಗೊಂದು ಹಿತ್ತಾಳೆಯ ನಟ್ಟು ಬಿಗಿದು, ಸಂದಿಗೆ ಮಣ್ಣು ಮೆತ್ತಿದ. ಗೇಜಿನ ಮುಖ ಬೇವಿನ ಗಿಡದ ಕೆಳಗಿನ ಅವನ ಸ್ಟೂಲಿಗೆ ಎದುರಾಗಿತ್ತು. ಕೊನೆಗೆ ಕೆಂಪು ಬಣ್ಣದ ಡಬ್ಬಿ ತೆಗೆದು, ಗಾಜಿನ ಮೇಲೆ ಇನ್ನೂರಾ ಐವತ್ತಕ್ಕೆ ಸರಿಯಾಗಿ ಒಂದು ಗೆರೆ ಎಳೆದ. ಬಾಬುಲಾಲ ಹೇಳಿದ ಲೆಕ್ಕ ಅದು.

ಗುರುವಾರ ಒಂದು ಕೋಳಿಯನ್ನಿಟ್ಟು ಪರೀಕ್ಷೆ ನಡೆಯಿತು. ಜಾಲಿಯ ಇದ್ದಿಲು ಕೆಂಡವಾಯಿತು, ಪೇರಲ ಕಟ್ಟಿಗೆಯ ಚಕ್ಕೆಗಳಿಂದ ಹೊಗೆ ಎದ್ದಿತು. ಗೋಡೆಯ ಆಚೆಯಿಂದ ಪಕ್ಕದ ಮನೆಯ ಚನ್ನವ್ವ ತಲೆ ಎತ್ತಿದಳು.

"ಏನ್ ರಮಜಾನಬಿ, ನಿಮ್ಮ ಹಿತ್ತಲಕ್ಕ ರೈಲ್ ಬಂತೇನ?"

"ಬಂದೈತಿ ಚನ್ನವ್ವ, ಆದ್ರ ಮುಂದಕ ಹೋಗವಲ್ದು."

ನಿಜಕ್ಕೂ ಹೋಗುತ್ತಿರಲಿಲ್ಲ. ಮುಳ್ಳು ನೂರಾ ತೊಂಬತ್ತರವರೆಗೆ ಏರುತ್ತಿತ್ತು. ಅಷ್ಟರಲ್ಲಿ ಗೈಬುಸಾಬನ ಕೈ ತಾನಾಗಿ ಹೋಗಿ ಬ್ಯಾರಲಿನ ಬುಡದ ಗಾಳಿಕಿಂಡಿ ಮುಚ್ಚುತ್ತಿತ್ತು. ಮುಳ್ಳು ಇಳಿಯುತ್ತಿತ್ತು, ಕಿಂಡಿ ತೆರೆಯುತ್ತಿದ್ದ, ಮತ್ತೆ ಏರಿತೋ ಮತ್ತೆ ಮುಚ್ಚುತ್ತಿದ್ದ. ರಮಜಾನಬಿ ಬಂದು ಬ್ಯಾರಲಿನ ಮೈಗೆ ಬೆರಳಿನಿಂದ ನೀರು ಚಿಮುಕಿಸಿದಳು. ಹನಿಗಳು ಚುರ್ ಎನ್ನಲಿಲ್ಲ, ಸೋಮಾರಿಗಳ ಹಾಗೆ ಸ್ವಲ್ಪ ಹೊತ್ತು ಕೂತು ಕೆಳಗೆ ಜಾರಿದವು. ಐದು ತಾಸಿನ ಮೇಲೆ ತೆಗೆದರೆ ಕೋಳಿಯ ಎಲುಬಿನ ಹತ್ತಿರ ಹಸಿ.

"ಬಾಬುಲಾಲ ಇನ್ನೂರಾ ಐವತ್ತಕ್ಕ ನಿಲ್ಲಸಂತ ಹೇಳ್ಯಾನ, ನೀವು ಮುಳ್ಳಿಗಿ ಅಲ್ಲಿಗಿ ಹೋಗಗೊಡವಲ್ರಿ" ಎಂದಳು.

ಗೈಬುಸಾಬ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡು, ಎರಡು ಬೆರಳು ಜೋಡಿಸಿ ತೋರಿಸಿದ. "ಕೆಂಪ ಗೆರಿಗಿ ಎರಡ ಬಟ್ಟ ಇರೂದ್ರಾಗ ಕೈ ತಾನ ಹೋಗ್ತೈತಿ. ನಾ ಕಳಸೂದಿಲ್ಲ" ಎಂದ.

ಅವಳಿಗೆ ಸಿಟ್ಟೂ ಬಂತು, ಕರುಳೂ ಚುರ್ರೆಂದಿತು. ಮದುವೆಯಾದ ಹೊಸದರಲ್ಲಿ ಅವನು ಒಮ್ಮೆ, ಒಮ್ಮೆ ಮಾತ್ರ, ಹೇಳಿದ್ದ: ಬೇರೆ ಯಾವುದೋ ಊರಿನಲ್ಲಿ ಮುಳ್ಳು ಕೆಂಪು ಗೆರೆ ದಾಟಿದ್ದನ್ನು ನೋಡದೆ ಕೂತ ಡ್ರೈವರನ ಬಾಯ್ಲರ್ ಸಿಡಿದು, ತಗಡಿನ ಮಾಳಿಗೆ ಹಾರಿ ಹುಣಸೆಮರದಲ್ಲಿ ಜೋತುಬಿದ್ದದ್ದನ್ನು. ಮರುದಿನ ನೋಡಲು ಹೋದವರಲ್ಲಿ ಇವನೂ ಒಬ್ಬ. ಅದನ್ನು ನೋಡಿ ಬಂದ ಮೇಲೆ ಮೂವತ್ತೊಂದು ವರ್ಷ ಅವನ ಮುಳ್ಳು ಕೆಂಪು ಗೆರೆಯನ್ನು ಮುಟ್ಟಲಿಲ್ಲ. ಹುಟ್ಟುಗುಣ ಘಟ್ಟ ಹತ್ತಿದರೂ ಹೋಗದು ಎನ್ನುತ್ತಾರೆ. ಕಲಿತ ಗುಣವೂ ಹೋಗುವುದಿಲ್ಲ, ಅದರಲ್ಲೂ ಹೆದರಿ ಕಲಿತದ್ದು.

ಕೈಯನ್ನು ಬದಲಿಸಲು ಆಗದಿದ್ದರೆ ಏನು ಬದಲಿಸಬೇಕು? ರಮಜಾನಬಿ ರಾತ್ರಿಯೆಲ್ಲ ಕೂತು ಯೋಚಿಸಲಿಲ್ಲ. ಅವಳಿಗೆ ಇದು ರೊಟ್ಟಿ ಬಡಿಯುತ್ತಿರುವಾಗಲೇ ಹೊಳೆಯಿತು.

ಶುಕ್ರವಾರ ಅವನು ನಮಾಜಿಗೆ ಹೋದದ್ದೇ ತಡ, ಬ್ಯಾರಲಿಗೆ ಕೆಂಡ ಹಾಕಿ ಗಾಳಿಕಿಂಡಿ ಪೂರಾ ತೆರೆದಳು. ಚೊಂಬು ಹಿಡಿದು ನಿಂತು ನೀರು ಚಿಮುಕಿಸುತ್ತ ಹೋದಳು. ಬಹಳ ಹೊತ್ತಿನ ಮೇಲೆ ಹನಿ ಚುರ್ ಎಂದು ಮಾಯವಾಯಿತು. ಮುಳ್ಳು ನೋಡಿದರೆ ಸರಿಯಾಗಿ ಕೆಂಪು ಗೆರೆಯ ಮೇಲಿತ್ತು. ಬಾಬುಲಾಲ ಸುಳ್ಳು ಹೇಳಿರಲಿಲ್ಲ. ಅಂಕಿಗಳು ರಮಜಾನಬಿಗೆ ಓದಲು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗೆರೆಯಿಂದ ಆಚೆಗೆ ಎರಡು ಬೆರಳು ಇಟ್ಟು ಅಳೆದಳು. ಹಳೆಯ ಗೆರೆಯನ್ನು ಚಾಕುವಿನಿಂದ ಕೆರೆದು ತೆಗೆದು, ಅಳೆದ ಜಾಗದಲ್ಲಿ ಹೊಸ ಗೆರೆ ಎಳೆದಳು. ಓಣಿಯ ಅರ್ಧ ಮದುಮಕ್ಕಳಿಗೆ ಮದರಂಗಿ ಹಚ್ಚಿದ ಕೈ ಅದು, ಗೆರೆ ಗಂಡನದಕ್ಕಿಂತ ಚೆಂದವಾಗಿಯೇ ಬಂತು. ಅವನು ಬರುವಷ್ಟರಲ್ಲಿ ಕೆಂಡ ಒಲೆಗೆ ಹೋಗಿತ್ತು, ಬಣ್ಣದ ಡಬ್ಬಿ ಗೂಡಿಗೆ ಹೋಗಿತ್ತು.

ಭಾನುವಾರ ಮುಂಜಾನೆ ಗೈಬುಸಾಬ ತೊಡೆಗೆ ಮಸಾಲೆ ಹಚ್ಚಿ, ಜಾಳಿಗೆಯ ಮೇಲಿಟ್ಟು, ಮುಚ್ಚಳ ಮುಚ್ಚಿ, ಮೂಗಿನ ಮೇಲೆ ಚಾಳೀಸು ಏರಿಸಿ ಗೇಜಿನ ಮುಂದೆ ಬಗ್ಗಿದ. ಬಗ್ಗಿದವನು ಏಳಲಿಲ್ಲ. ರಮಜಾನಬಿ ಬಾಗಿಲಲ್ಲಿ ಮೊರ ಹಿಡಿದು ನಿಂತು ನೋಡುತ್ತಿದ್ದಳು. ಅವನು ಹೆಗಲ ಮೇಲಿನ ವಲ್ಲಿಯ ತುದಿಯಿಂದ ಗಾಜನ್ನು ಒರೆಸಿ, ಹೊರಳಿ ಇವಳ ಕಡೆ ನೋಡಿದ. ಅವಳು ಆಗಲೇ ಹಸನು ಮಾಡಿದ ಅಕ್ಕಿಯನ್ನು ಮತ್ತೊಮ್ಮೆ ಹಸನು ಮಾಡತೊಡಗಿದಳು. ಅವನು ಹೋಗಿ ಸ್ಟೂಲಿನ ಮೇಲೆ ಕೂತ.

ಮುಳ್ಳು ನೂರಾ ತೊಂಬತ್ತಕ್ಕೆ ಬಂತು. ಅವನ ಕೈ ಮೊಳಕಾಲ ಮೇಲಿಂದ ಏಳಲಿಲ್ಲ. ಇನ್ನೂರಾ ಇಪ್ಪತ್ತಾಯಿತು. ಇನ್ನೂರಾ ಐವತ್ತಕ್ಕೆ ಬಂದು, ಕೆಂಪು ಗೆರೆ ಇನ್ನು ಎರಡೇ ಬೆರಳು ಉಳಿದಾಗ, ಕೈ ತಾನಾಗಿ ಹೋಗಿ ಗಾಳಿಕಿಂಡಿಯನ್ನು ಅರ್ಧ ಮುಚ್ಚಿತು. ಮುಳ್ಳು ಅಲ್ಲೇ ನಿಂತಿತು. ರಮಜಾನಬಿ ನೀರಿನ ನೆಪ ಮಾಡಿ ಹಿತ್ತಲಿಗೆ ಹೋಗಿ ನಾಲ್ಕು ಹನಿ ಚಿಮುಕಿಸಿ, ಚುರ್ ಎಂಬುದನ್ನು ಕಿವಿಯಾರೆ ಕೇಳಿ ಬಂದಳು.

ಹನ್ನೊಂದರ ಬಸ್ಸಿಗೆ ಬೀಗರು ಮೆಹರಾಜಳನ್ನೂ ಕರೆದುಕೊಂಡು ಬಂದರು. ಶಮಶುದ್ದೀನ ಒಂದು ಬುಟ್ಟಿ ನಿಂಬೆಹಣ್ಣು ಇಳಿಸಿ ನೆಟ್ಟಗೆ ಹಿತ್ತಲಿಗೇ ನಡೆದ.

"ಬೀಗರ, ಈ ಸಲ ಕುರಿ ಸತ್ತದ್ದು ಖಾತ್ರಿ ಮಾಡ್ಕೊಂಡಿರೇನ್ರಿ?"

"ಉಂಡ ನೋಡ್ರಿ, ಆಮ್ಯಾಲ ಮಾತಾಡೂಣು" ಎಂದ ಗೈಬುಸಾಬ, ಕಣ್ಣು ಗೇಜಿನಿಂದ ಕೀಳದೆ.

ಎರಡು ಗಂಟೆಗೆ ತೊಡೆ ಹೊರಗೆ ಬಂತು. ಕತ್ತರಿಸುವ ಕೆಲಸವೇ ಇರಲಿಲ್ಲ, ಎಲುಬು ಹಿಡಿದು ಎತ್ತಿದರೆ ಮಾಂಸ ತಾನೇ ಬಿಟ್ಟುಕೊಟ್ಟಿತು. ಪಡಸಾಲೆಯಲ್ಲಿ ಶಮಶುದ್ದೀನನ ಮಾತು ಮೊದಲ ತುತ್ತಿಗೇ ನಿಂತುಹೋಯಿತು. ಮೂರನೆಯ ಸಲ ತಾಟು ಮುಂದೆ ಮಾಡಿದಾಗಲೇ ಬಾಯಿ ತೆರೆದು, ಇದರ ಗುಟ್ಟೇನು ಎಂದು ಕೇಳಿದ.

"ಗುಟ್ಟೇನಿಲ್ರಿ. ಮೂವತ್ತೊಂದ ವರ್ಷದಾಗ ಮುಳ್ಳಿಗಿ ಕೆಂಪ ಗೆರಿ ಮುಟ್ಟಗೊಟ್ಟಿಲ್ಲ, ಇವತ್ತೂ ಮುಟ್ಟಗೊಡಲಿಲ್ಲ" ಎಂದ ಗೈಬುಸಾಬ. ಒಳಗಿದ್ದ ರಮಜಾನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಒಳಗೆ ಹೆಂಗಸರ ಪಂಕ್ತಿಯಲ್ಲಿ ಅಖ್ತರಬೇಗಂ ಎಲುಬನ್ನು ಬಿಡದೆ ಚೀಪಿ, ಬೆರಳು ನೆಕ್ಕಿ, ಸೊಸೆಯ ಕಡೆ ತಿರುಗಿದಳು. "ಮೆಹರಾಜ, ಹೋಗೂದ್ರೊಳಗ ಈ ಹದ ಕಲ್ತ ಬಾರವಾ" ಎಂದಳು.

ಮೆಹರಾಜ ಬಡಿಸುತ್ತಿದ್ದ ಸೌಟನ್ನು ನಿಲ್ಲಿಸಲಿಲ್ಲ. "ಕಲಿಯೂದೇನ್ರಿ ಅತ್ತಿ" ಎಂದಳು. "ಇದ ನಮ್ಮ ತವರಮನಿ ಹದ."

ಅಖ್ತರಬೇಗಂ ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಅವಳಿಗೇ ನಗು ಬಂತು, "ಹೌದವಾ, ಹೌದು" ಎಂದು ಇನ್ನೊಂದು ತುಂಡಿಗೆ ಕೈಚಾಚಿದಳು. ರಮಜಾನಬಿಗೆ ಎದ್ದು ಕುಣಿಯಬೇಕೆನಿಸಿತು. ಬೀಗಿತ್ತಿಯ ಎದುರು ಕುಣಿಯುವುದು ಹೇಗೆ? ಕೈಗೆ ಸಿಕ್ಕ ಎಲ್ಲಕ್ಕಿಂತ ದೊಡ್ಡ ತುಂಡನ್ನೇ ಬಡಿಸಿದಳು.

ಸಂಜೆಯ ಬಸ್ಸಿಗೆ ಬೀಗರನ್ನು ಹತ್ತಿಸಿ ಬಂದ ಗೈಬುಸಾಬ ಕೆಂಪು ಬಣ್ಣದ ಡಬ್ಬಿಯನ್ನೂ ಬ್ರಷ್ಷನ್ನೂ ತೆಗೆದುಕೊಂಡು ಹಿತ್ತಲಿಗೆ ಹೋದ.

"ಮೆಹರಾಜನ ಅವ್ವಾ, ಇಲ್ಲಿ ಬಾ."

ಅವಳು ಕೈ ಒರೆಸಿಕೊಳ್ಳುತ್ತ ಹೋದಳು.

"ಗೆರಿ ಸರದೈತಿ" ಎಂದ ಅವನು. "ಮುಂಜಾನೇನ ಕಂಡೇನಿ. ಇಷ್ಟ ವರ್ಷ ಗೇಜ್ ನೋಡಿದಾವ್ಗ ಎರಡ ಬಟ್ಟ ಕಾಣಂಗಿಲ್ಲೇನು?"

"ಮತ್ತ ಯಾಕ ಸುಮ್ಮಿದ್ರಿ?"

ಅವನು ಗಾಜಿನ ಮೇಲಿನ ಮಸಿಯನ್ನು ಹೆಬ್ಬೆರಳಿನಿಂದ ಒರೆಸಿದ.

"ಫ್ಯಾಕ್ಟರ್ಯಾಗ ಗೆರಿ ನಾ ಎಂದ ಎಳದಿದ್ನಿ? ವರ್ಷಕ್ಕೊಮ್ಮಿ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಿದ್ರು, ತಪಾಸ ಮಾಡ್ತಿದ್ರು, ಗೆರಿ ಅವರ ಎಳೀತಿದ್ರು. ಕಾಯೂದಷ್ಟ ನನ್ನ ಕೆಲಸ. ಈ ಬ್ಯಾರಲ್‌ಗೆ ನಾನ ಗೆರಿ ಎಳ್ಕೊಂಡ್ನಿ, ಅಲ್ಲೇ ತಪ್ಪಿದ್ನಿ."

ಬ್ರಷ್ಷನ್ನು ಅವಳ ಕೈಗೆ ಕೊಟ್ಟ. ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಹೆಂಡತಿಗೆ ಬಹುವಚನ ಹಚ್ಚದ ಗೈಬುಸಾಬ ಸ್ಟೂಲು ಬಿಟ್ಟು ಎದ್ದು ನಿಂತ.

"ಬರೂ ವಾರ ಹೊಳಿ ಮೀನ ತರ್ತೇನಿ. ತಪಾಸ ಮಾಡಿ ಗೆರಿ ಹಾಕ್ರಿ, ಸಾಹೇಬ್ರ."

ರಮಜಾನಬಿ ಆ ಸ್ಟೂಲಿನ ಮೇಲೆ ಮೊದಲ ಸಲ ಕೂತಳು. "ಮೊದಲ ಮೀನ ತರ್ರಿ" ಎಂದಳು. "ಬರಾಗ ಒಂದ ಚೊಂಬ ನೀರೂ ತರ್ರಿ."